‘ಮನಃಪೂರ್ವಕವಾಗಿ ಬಂದಿದ್ದೀರಾ?’: ಚರ್ಚ್ ಮದುವೆಗೆ ಮೊದಲಿನ ವಿಚಾರಣೆಯಲ್ಲಿ ಈ ಪ್ರಶ್ನೆ ಏನನ್ನು ಕೇಳುತ್ತದೆ?

ಶಿಬಿರದ_ಟಿಪ್ಪಣಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಧರ್ಮಕೇಂದ್ರದ ವಿವಾಹ ಸಿದ್ಧತಾ ಶಿಬಿರಕ್ಕೆ ಒಂದು ಸಣ್ಣ ಕೈಪಿಡಿ ತಯಾರಾಗುತ್ತಿದೆ. ಜೋಡಿಗಳು ಹೆಸರಿಲ್ಲದೆ ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಮದುವೆಯ ಬಲಿಪೂಜೆಯಲ್ಲಿ (ಮಾಸ್) ಪ್ರಮಾಣಕ್ಕೆ ಮೊದಲು ಫಾದರ್ ಕೇಳುತ್ತಾರಲ್ಲ, ಯಾರ ಬಲವಂತವೂ ಇಲ್ಲದೆ, ಸ್ವಂತ ಇಷ್ಟದಿಂದ, ಪೂರ್ಣ ಮನಸ್ಸಿನಿಂದ ಬಂದಿದ್ದೀರಾ ಎಂದು. ಅದಕ್ಕೆ ‘ಹೌದು’ ಅನ್ನಬೇಕಾದರೆ ಎಷ್ಟು ಖಚಿತವಾಗಿರಬೇಕು? ಅವರ ಚೀಟಿಗಳನ್ನೇ ಇಲ್ಲಿ ಇಳಿಸುತ್ತೇನೆ:

“ಒಮ್ಮೊಮ್ಮೆ ಭಯವಾಗುತ್ತದೆ. ಭಯ ಇಟ್ಟುಕೊಂಡು ಹೌದು ಅಂದರೆ ಅದು ಸುಳ್ಳು ಪ್ರಮಾಣವೇ?”

“ಮೊದಲ ಎರಡು ವರ್ಷ ಮಕ್ಕಳು ಬೇಡ ಎಂದುಕೊಂಡಿದ್ದೇವೆ. ಫಾದರ್‌ಗೆ ಹೇಳಿದರೆ ಮದುವೆ ನಿಲ್ಲಿಸುತ್ತಾರಾ?”

“ನನ್ನ ಸಂಬಳದ ಒಂದು ಪಾಲು ತಮ್ಮನ ಓದು ಮುಗಿಯುವವರೆಗೆ ಅಪ್ಪ ಅಮ್ಮನಿಗೆ ಹೋಗಬೇಕು. ಇದು ಷರತ್ತು ಆಗುತ್ತದಾ?”

“ಹುಡುಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್ ಸಭೆ), ನಾನು ಕಥೊಲಿಕ್. ಎರಡೂ ಕಡೆಯವರಿಗೆ ಸಮಾಧಾನವಾಗಲಿ ಅಂತ ಬೆಳಿಗ್ಗೆ ಒಂದು ಚರ್ಚು, ಸಂಜೆ ಒಂದು ಚರ್ಚು ಮಾಡಬಹುದಾ?”

ಶಿಬಿರದಲ್ಲಿ ಇವಕ್ಕೆಲ್ಲ ‘ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತೆ’ ಎಂಬ ಉತ್ತರ ಸಿಗುತ್ತಿದೆ. ಪ್ರಾರ್ಥನೆ ಇರಲಿ. ಕೈಪಿಡಿಗೆ ಅದರ ಜೊತೆ ಇನ್ನೂ ಸ್ವಲ್ಪ ಗಟ್ಟಿ ಸರಕು ಬೇಕು. ಕ್ಯಾನನ್ ಕಾನೂನು (ಕಥೊಲಿಕ್ ಧರ್ಮಸಭೆಯ ಕಾನೂನು, ಅದರ ಒಂದೊಂದು ಕಲಮಿಗೂ ಕ್ಯಾನನ್ ಎನ್ನುತ್ತಾರೆ), ಸಿವಿಲ್ ಕಾನೂನು, ಮನೆ ನಡೆಸುವ ಲೆಕ್ಕಾಚಾರ, ಯಾವುದು ಗೊತ್ತಿದ್ದರೂ ಬರೆಯಿರಿ.

---

ಕ್ಯಾನನ್_1057 ಉತ್ತರಿಸಿದ್ದು:

ಟಿಪ್ಪಣಿಯವರೇ, ಒಂದು ವಿಷಯ ಮೊದಲೇ ಬಿಡಿಸಿಬಿಡೋಣ. ಆ ಪ್ರಶ್ನೆ ನಿಮ್ಮ ಭಾವನೆಯ ಮಟ್ಟ ಅಳೆಯುವುದಕ್ಕಲ್ಲ. 1983ರ ಕಾನೂನು ಸಂಹಿತೆಯ ಕ್ಯಾನನ್ 1057ರ ಪ್ರಕಾರ ಮದುವೆಯನ್ನು ಮಾಡುವುದು ಇಬ್ಬರ ಸಮ್ಮತಿ. ಅದು ಮನಸ್ಸು ಮಾಡುವ ಒಂದು ನಿರ್ಧಾರ. ಅಪ್ಪ, ಅಮ್ಮ, ಗುರುಗಳು, ಧರ್ಮಾಧ್ಯಕ್ಷರು (ಬಿಷಪ್) ಯಾರೂ ಆ ಜಾಗ ತುಂಬಲಾರರು. ಹಾಗಾಗಿ ಭಯ, ಹಿಂಜರಿಕೆ, ‘ಇವರ ಜೊತೆ ಹೊಂದಿಕೊಳ್ಳುತ್ತೇನಾ’ ಎಂಬ ಗೊಂದಲ ಇವು ಯಾವುವೂ ಸಮ್ಮತಿಯನ್ನು ಕೆಡಿಸುವುದಿಲ್ಲ. ಭಯ ಇದ್ದೂ ಒಬ್ಬರು ಪೂರ್ತಿ ಮನಸ್ಸು ಕೊಡಬಹುದು. ಪ್ರೀತಿ ಉಕ್ಕಿ ಹರಿಯುತ್ತಿದ್ದೂ ಇನ್ನೊಬ್ಬರು ಒಳಗೊಂದು ಬಾಗಿಲು ತೆರೆದೇ ಇಟ್ಟುಕೊಂಡಿರಬಹುದು. ಕಾನೂನು ನೋಡುವುದು ಆ ಬಾಗಿಲನ್ನು.

ಅದರ ಹೆಸರು ಕ್ಯಾನನ್ 1101. ಬಾಯಲ್ಲಿ ಹೇಳಿದ್ದೇ ಮನಸ್ಸಿನಲ್ಲೂ ಇದೆ ಎಂದು ಧರ್ಮಸಭೆ ಮೊದಲು ನಂಬುತ್ತದೆ. ಆದರೆ ಒಬ್ಬರು ಸ್ಪಷ್ಟವಾದ ನಿರ್ಧಾರದಿಂದ ಮದುವೆಯನ್ನೇ ಅಥವಾ ಅದರ ತಿರುಳಾದ ಒಂದು ಅಂಶವನ್ನು ಹೊರಗಿಟ್ಟು ‘ಹೌದು’ ಅಂದರೆ ಆ ಮದುವೆ ಅಸಿಂಧು. ಹೊರಗಿಡುವ ಅಂಶಗಳು ಸಾಮಾನ್ಯವಾಗಿ ಮೂರು: ಸಾಯುವವರೆಗಿನ ಬಂಧ, ಒಬ್ಬರಿಗೆ ಮಾತ್ರ ನಿಷ್ಠೆ, ಮಕ್ಕಳನ್ನು ಪಡೆಯುವ ಮನಸ್ಸು. ‘ಸರಿಹೋಗದಿದ್ದರೆ ಬಿಟ್ಟುಬಿಡೋಣ’ ಎಂದು ಮಾವನೋ ಚಿಕ್ಕಪ್ಪನೋ ಊಟದ ಹೊತ್ತಿನಲ್ಲಿ ಆಡಿದ ಮಾತು ಇದಲ್ಲ. ಮದುವೆಯಾಗುವವರೇ ಅದನ್ನು ತಮ್ಮ ಯೋಜನೆ ಮಾಡಿಕೊಂಡಿದ್ದರೆ ಆಗ ಅದು ಹೊರಗಿಟ್ಟಂತೆ.

ಮಕ್ಕಳ ವಿಷಯಕ್ಕೆ ಬಂದರೆ, ಎರಡು ವರ್ಷ ಮುಂದೂಡುವುದು ಬೇರೆ, ಆ ಹಕ್ಕನ್ನೇ ಸಂಗಾತಿಗೆ ಕೊಡದಿರುವುದು ಬೇರೆ. ಕೆಲಸ, ಆರೋಗ್ಯ, ಸಾಲದ ಕಾರಣಕ್ಕೆ ಇಬ್ಬರೂ ಮಾತಾಡಿ ಮುಂದೂಡಿದರೆ ಸಮ್ಮತಿಗೆ ಊನ ಬರುವುದಿಲ್ಲ. (ಯಾವ ವಿಧಾನದಿಂದ ಎನ್ನುವುದು ನೀತಿಬೋಧೆಯ ಬೇರೆ ಪ್ರಶ್ನೆ. ಅಲ್ಲಿ ಧರ್ಮಸಭೆ ಸಹಜ ವಿಧಾನಗಳನ್ನು ಮಾತ್ರ ಒಪ್ಪುತ್ತದೆ. ಕೈಪಿಡಿಯಲ್ಲಿ ಅದಕ್ಕೆ ಬೇರೆ ಪುಟ ಇಡಿ.) ‘ಮಕ್ಕಳು ಬೇಡವೇ ಬೇಡ’ ಎಂದು ಒಬ್ಬರು ಒಳಗೇ ತೀರ್ಮಾನಿಸಿ, ಇನ್ನೊಬ್ಬರಿಗೆ ‘ಆಮೇಲೆ ನೋಡೋಣ’ ಅನ್ನುತ್ತಿದ್ದರೆ ತೊಂದರೆ ಅಲ್ಲಿದೆ.

ಷರತ್ತುಗಳಿಗೆ ಕ್ಯಾನನ್ 1102. ಮುಂದೆ ನಡೆಯಬೇಕಾದ ಸಂಗತಿಯ ಮೇಲೆ ಮದುವೆಯನ್ನೇ ನಿಲ್ಲಿಸಿದರೆ, ಉದಾಹರಣೆಗೆ ‘ವೀಸಾ ಸಿಕ್ಕರೆ ಮಾತ್ರ ನೀನು ನನ್ನ ಹೆಂಡತಿ’ ಎಂದರೆ, ಮದುವೆ ಆಗುವುದೇ ಇಲ್ಲ. ತಮ್ಮನ ಫೀಸು ಅಂಥ ಷರತ್ತಲ್ಲ. ಅದು ಒಂದು ಮನೆಯೊಳಗಿನ ಒಪ್ಪಂದ. ಮದುವೆ ಅದರ ಮೇಲೆ ನಿಂತಿಲ್ಲ, ಅದು ಮದುವೆಯ ಒಳಗೆ ಇದೆ. ವ್ಯತ್ಯಾಸ ಕಂಡುಹಿಡಿಯಲು ಒಂದು ಸುಲಭ ಪ್ರಶ್ನೆ: ‘ಈ ಮಾತು ಮುರಿದರೆ ನಾನು ಜಗಳ ಆಡುತ್ತೇನೋ, ಅಥವಾ ನಾನು ಮದುವೆಯೇ ಆಗಿಲ್ಲ ಅನ್ನುತ್ತೇನೋ?’

ಬಲವಂತಕ್ಕೆ ಕ್ಯಾನನ್ 1103. ನಮ್ಮ ಕಡೆ ಯಾರೂ ಮಚ್ಚು ಹಿಡಿದು ಮದುವೆ ಮಾಡಿಸುವುದಿಲ್ಲ. ನಡೆಯುವುದು ‘ನೀನು ಬೇಡ ಅಂದರೆ ಅಪ್ಪನಿಗೆ ಏನಾದರೂ ಆದರೆ ನಿನ್ನ ತಲೆ ಮೇಲೆ’ ಎಂಬ ರೀತಿಯ ಒತ್ತಡ. ಹಿರಿಯರ ಮೇಲಿನ ಗೌರವವೇ ಭಯವಾಗಿ ತಿರುಗಿ, ಆ ಮದುವೆ ಬಿಟ್ಟರೆ ಬೇರೆ ದಾರಿಯೇ ಕಾಣದ ಮಟ್ಟ ಮುಟ್ಟಿದರೆ ಧರ್ಮಸಭೆಯ ನ್ಯಾಯಮಂಡಳಿಗಳು ಅದನ್ನೂ ಬಲವಂತವೆಂದೇ ಎಣಿಸುತ್ತವೆ. ಅಮ್ಮನಿಗೆ ಬೇಸರವಾಗುತ್ತದೆ ಎಂಬ ಸಾಮಾನ್ಯ ಸಂಕೋಚ ಆ ಮಟ್ಟದ್ದಲ್ಲ.

ಇನ್ನು ಮದುವೆಗೆ ಮೊದಲೇ ಫಾದರ್ ಇದೇ ಪ್ರಶ್ನೆಗಳನ್ನು ಕೇಳಿ ನಮೂನೆಯಲ್ಲಿ ಬರೆದುಕೊಳ್ಳುವ ವಿಚಾರಣೆ ಹೇಗೆ ನಡೆಯಬೇಕು ಎನ್ನುವುದು. ಹುಡುಗ ಹುಡುಗಿಯನ್ನು ಬೇರೆ ಬೇರೆಯಾಗಿ ಕೂರಿಸಬೇಕು. ಕೋಣೆಯಲ್ಲಿ ತಂದೆ ತಾಯಿ ಇರಬಾರದು. ನಮೂನೆಯನ್ನು ಮೊದಲೇ ಮನೆಗೆ ಕೊಟ್ಟು ‘ಭರ್ತಿ ಮಾಡಿ ತನ್ನಿ’ ಅನ್ನಬಾರದು, ಏಕೆಂದರೆ ಉತ್ತರಗಳನ್ನು ಆಗ ಅಣ್ಣನೋ ಅತ್ತೆಯೋ ಬರೆಯುತ್ತಾರೆ. ಹೌದು/ಅಲ್ಲ ಎಂದಷ್ಟೇ ಮುಗಿಯುವ ಪ್ರಶ್ನೆಗಿಂತ ‘ಈ ಸಂಬಂಧ ಹೇಗೆ ಕೂಡಿಬಂತು, ಯಾರು ಮೊದಲು ಹೇಳಿದರು, ನೀವು ಬೇಡ ಅಂದಿದ್ದರೆ ಮನೆಯಲ್ಲಿ ಏನಾಗುತ್ತಿತ್ತು’ ಎಂಬಂಥವು ನಿಜ ಹೊರತರುತ್ತವೆ. ಜ್ಞಾನಸ್ನಾನದ ಪತ್ರ ಹೊಸದಾಗಿ, ಸಾಮಾನ್ಯವಾಗಿ ಕಳೆದ ಆರು ತಿಂಗಳೊಳಗೆ, ತೆಗೆಸಿದ್ದಾಗಿರಬೇಕು. ಹಳೆಯ ಪ್ರತಿ ಏಕೆ ಬೇಡವೆಂದರೆ, ಮದುವೆಯಾದರೆ ಜ್ಞಾನಸ್ನಾನದ ರಿಜಿಸ್ಟರಿನಲ್ಲೇ ಅದನ್ನು ಬರೆಯುತ್ತಾರೆ (ಕ್ಯಾನನ್ 1122). ಹತ್ತು ವರ್ಷ ಹಳೆಯ ಕಾಗದ ಆ ಟಿಪ್ಪಣಿ ತೋರಿಸುವುದಿಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಸಮಯದಲ್ಲಿ. ಹಾಲ್ ಬುಕ್ ಆಗಿ, ಕಾರ್ಡ್ ಹಂಚಿ, ರೋಸ್‌ಗೆ (ಮದುವೆಯ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ತೆಂಗಿನಕಾಯಿ ತಂದಿಟ್ಟ ಮೇಲೆ ವಿಚಾರಣೆಗೆ ಕೂರಿಸಿದರೆ ಯಾವ ಹುಡುಗಿ ‘ನನಗೆ ಇಷ್ಟವಿಲ್ಲ ಫಾದರ್’ ಅನ್ನುತ್ತಾಳೆ? ನಿಶ್ಚಿತಾರ್ಥಕ್ಕೆ ಮೊದಲು, ಅದಾಗದಿದ್ದರೆ ಕಾರ್ಡ್ ಅಚ್ಚಿಗೆ ಹೋಗುವ ಮೊದಲು ನಡೆಸಿ. ಕೈಪಿಡಿಯಲ್ಲಿ ಒಂದೇ ಒಂದು ವಾಕ್ಯ ದಪ್ಪಕ್ಷರದಲ್ಲಿ ಹಾಕುವುದಾದರೆ ಇದನ್ನು ಹಾಕಿ.

---

ಬಾಸೆಲ್_ಓಣಿ ಉತ್ತರಿಸಿದ್ದು:

ಸಿಎಸ್‌ಐ ಕಡೆಯಿಂದ ಎರಡು ಮಾತು. ನಮ್ಮಲ್ಲಿ ಮದುವೆಯನ್ನು ಸಂಸ್ಕಾರ ಎಂದು ಎಣಿಸುವುದಿಲ್ಲ. ನಮಗೆ ಅದು ಒಡಂಬಡಿಕೆ, ಮಲಾಕಿ 2:14ರಲ್ಲಿ ಹೆಂಡತಿಯನ್ನು ಕರೆದಂತೆ. ನ್ಯಾಯಮಂಡಳಿಯ ಭಾಷೆಯೂ ನಮಗೆ ಪರಿಚಿತವಲ್ಲ. ಹಾಗಂತ ಪ್ರಶ್ನೆ ಹಗುರವಲ್ಲ. ಆರಾಧನೆಯ ಕ್ರಮದಲ್ಲಿ ಅಯ್ಯನವರು ಮೊದಲು ಇಬ್ಬರಿಗೂ ಪ್ರಶ್ನೆ ಹಾಕುತ್ತಾರೆ, ಆಮೇಲೆ ಇಬ್ಬರೂ ಕೈಹಿಡಿದು ಪ್ರಮಾಣ ಹೇಳುತ್ತಾರೆ, ಆಮೇಲೆ ಉಂಗುರ ಅಥವಾ ಮಾಂಗಲ್ಯ. ಸುಖದಲ್ಲೂ ದುಃಖದಲ್ಲೂ, ಬಡತನದಲ್ಲೂ ಸಿರಿಯಲ್ಲೂ, ರೋಗದಲ್ಲೂ ಆರೋಗ್ಯದಲ್ಲೂ ಎಂಬ ಜೋಡಿಗಳನ್ನು ಗಮನಿಸಿ. ಅಲ್ಲಿ ‘ಪ್ರೀತಿ ಇರುವವರೆಗೆ’ ಎಂಬ ಸಾಲು ಇಲ್ಲ. ಪ್ರೀತಿಸುತ್ತೇನೆ ಎನ್ನುವುದೇ ಪ್ರಮಾಣ. ಪ್ರಮಾಣಕ್ಕೆ ಅದೇ ಷರತ್ತಾಗಲು ಹೇಗೆ ಸಾಧ್ಯ?

ಸಮಾಲೋಚನೆಗೆ ಬರುವ ಜೋಡಿಗಳಿಗೆ ಪ್ರಮಾಣದ ಒಂದೊಂದು ತುಂಡನ್ನೂ ಒಂದು ಸನ್ನಿವೇಶ ಮಾಡಿ ಕೊಡುವುದು ಒಳ್ಳೆಯ ಅಭ್ಯಾಸ. ‘ರೋಗದಲ್ಲಿ’: ಮದುವೆಯಾದ ಎಂಟನೇ ತಿಂಗಳಿಗೆ ಸಂಗಾತಿಗೆ ಡಯಾಲಿಸಿಸ್ ಶುರುವಾಯಿತು, ವಾರಕ್ಕೆ ಮೂರು ದಿನ ಆಸ್ಪತ್ರೆ, ಯಾರು ರಜೆ ಹಾಕುತ್ತೀರಿ? ‘ಬಡತನದಲ್ಲಿ’: ಒಬ್ಬರ ಕೆಲಸ ಹೋಯಿತು, ಆರು ತಿಂಗಳು ಮನೆ ಬಾಡಿಗೆ ಇನ್ನೊಬ್ಬರ ಸಂಬಳದಿಂದ, ಊರಿಗೆ ಗೊತ್ತಾಗಬೇಕೋ ಬೇಡವೋ? ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಆಮೇಲೆ ಬದಲಾಯಿಸಿಕೊಳ್ಳಲಿ. ಒಟ್ಟಿಗೆ ಬಾಯಿಮಾತಲ್ಲಿ ಕೇಳಿದರೆ ಒಬ್ಬರು ಉತ್ತರಿಸುತ್ತಾರೆ, ಇನ್ನೊಬ್ಬರು ತಲೆಯಾಡಿಸುತ್ತಾರೆ. ಯಾರು ತಲೆಯಾಡಿಸುತ್ತಾರೆ ಎನ್ನುವುದನ್ನು ಹೇಳಬೇಕಾಗಿಲ್ಲ.

ಒಂದು ಸಂಗತಿಯಲ್ಲಿ ಕ್ಯಾನನ್ ಅವರ ಜೊತೆ ನನಗೆ ಸ್ವಲ್ಪ ತಕರಾರು. ಪೂರ್ಣ ಮನಸ್ಸು ಎಂದರೆ ಆ ದಿನದ ಆ ಕ್ಷಣದ ನಿರ್ಧಾರ ಎಂದಷ್ಟೇ ಹೇಳಿದರೆ ಯುವಕರು ಅದನ್ನು ಪರೀಕ್ಷೆ ಪಾಸಾದಂತೆ ಅಂದುಕೊಳ್ಳುತ್ತಾರೆ. ಧರ್ಮೋಪದೇಶಕಾಂಡ 24:5ರಲ್ಲಿ ಹೊಸದಾಗಿ ಮದುವೆಯಾದವನಿಗೆ ಒಂದು ವರ್ಷ ಯುದ್ಧವಿಲ್ಲ, ಬೇರೆ ಹೊಣೆಯಿಲ್ಲ, ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಬೇಕು ಎಂದಿದೆ. ಸಭೆಗಳು ಈ ವಚನವನ್ನು ಓದುತ್ತವೆ, ಆಮೇಲೆ ಹೊಸ ಗಂಡನನ್ನೇ ಯುವಜನ ಸಂಘದ ಕಾರ್ಯದರ್ಶಿ, ಕ್ವಾಯರ್, ಭಾನುವಾರದ ಶಾಲೆ, ಕನ್ವೆನ್ಷನ್ ಸಮಿತಿ ಎಲ್ಲದಕ್ಕೂ ಹಾಕುತ್ತವೆ. ಮೊದಲ ವರ್ಷ ಯಾವ ಸಮಿತಿಯೂ ಇಲ್ಲ ಎಂದು ಸಭೆಯೇ ನಿಯಮ ಮಾಡಿಕೊಂಡರೆ ಹತ್ತು ಪ್ರಸಂಗಕ್ಕಿಂತ ಮೇಲು.

---

ಕ್ಯಾನನ್_1057:

ಬಾಸೆಲ್ ಅವರೇ, ಒಪ್ಪಿದೆ. ಸಮ್ಮತಿ ಒಂದು ದಿನದ್ದು, ಅದನ್ನು ಬಾಳುವುದು ದಿನದಿನದ್ದು. ಎರಡನೆಯದು ಕುಂಟಿದರೆ ಮೊದಲನೆಯದು ಇರಲೇ ಇಲ್ಲ ಎಂದು ಆಗುವುದಿಲ್ಲ ಎನ್ನುವುದಷ್ಟೇ ನನ್ನ ಮಾತು. ನ್ಯಾಯಮಂಡಳಿಗೆ ಬರುವವರಲ್ಲಿ ಬಹಳ ಜನ ಇಲ್ಲೇ ತಪ್ಪು ತಿಳಿದಿರುತ್ತಾರೆ.

ಎರಡು ಚರ್ಚಿನ ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ. ಬೆಳಿಗ್ಗೆ ಒಂದು, ಸಂಜೆ ಒಂದು ಆಗುವುದಿಲ್ಲ. ಕ್ಯಾನನ್ 1127ರ ಮೂರನೇ ಭಾಗ ಎರಡನೇ ಸಲ ಸಮ್ಮತಿ ಹೇಳಿಸುವುದನ್ನೂ, ಎರಡು ಸಭೆಗಳ ಗುರುಗಳು ಒಟ್ಟಿಗೆ ನಿಂತು ತಮ್ಮ ತಮ್ಮ ಕ್ರಮದಲ್ಲಿ ಸಮ್ಮತಿ ಪಡೆಯುವುದನ್ನೂ ತಡೆಯುತ್ತದೆ. ಪ್ರಮಾಣ ಒಮ್ಮೆ ಮಾತ್ರ. ದಾರಿ ಎರಡಿವೆ. ಕಥೊಲಿಕ್ ಚರ್ಚಿನಲ್ಲಿ ಮಾಡಿದರೆ ಧರ್ಮಪ್ರಾಂತ್ಯದಿಂದ ಮಿಶ್ರ ವಿವಾಹದ ಅನುಮತಿ ಬೇಕು. ಕಥೊಲಿಕ್ ಸಂಗಾತಿ ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಕಥೊಲಿಕ್ ಜ್ಞಾನಸ್ನಾನ ಮತ್ತು ಶಿಕ್ಷಣ ಕೊಡಿಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಎಂದು ಮಾತು ಕೊಡಬೇಕು (ಕ್ಯಾನನ್ 1125). ಸಿಎಸ್‌ಐ ಸಂಗಾತಿ ಏನೂ ಸಹಿ ಹಾಕಬೇಕಾಗಿಲ್ಲ, ಆದರೆ ಆ ಮಾತು ಕೊಟ್ಟಿದ್ದಾರೆ ಎಂದು ಅವರಿಗೆ ಸಮಯಕ್ಕೆ ಮುಂಚೆ ತಿಳಿದಿರಬೇಕು. ಇದನ್ನು ಮುಚ್ಚಿಟ್ಟು ಮೊದಲ ಮಗುವಿನ ಜ್ಞಾನಸ್ನಾನದ ಹೊತ್ತಿಗೆ ಹೊರಗೆ ಬಂದರೆ ಮನೆಯಲ್ಲಿ ಏನಾಗುತ್ತದೆ ಎಂದು ಊಹಿಸಿ. ಇನ್ನೊಂದು ದಾರಿ, ಸಿಎಸ್‌ಐ ಚರ್ಚಿನಲ್ಲೇ ಮಾಡುವುದು. ಆಗ ಮಿಶ್ರ ವಿವಾಹದ ಅನುಮತಿಯ ಜೊತೆ ಕಥೊಲಿಕ್ ವಿಧಿಯಿಂದಲೂ ವಿನಾಯಿತಿ ಪಡೆಯಬೇಕು. ಮದುವೆ ಆದ ಮೇಲೆ ಅದರ ಪ್ರಮಾಣಪತ್ರವನ್ನು ಕಥೊಲಿಕ್ ಧರ್ಮಕೇಂದ್ರಕ್ಕೆ ತಲುಪಿಸಿ ರಿಜಿಸ್ಟರಿನಲ್ಲಿ ಬರೆಸಬೇಕು. ವಿನಾಯಿತಿ ಇಲ್ಲದೆ ಮಾಡಿದರೆ ಕಥೊಲಿಕ್ ಕಾನೂನಿನ ದೃಷ್ಟಿಯಲ್ಲಿ ಆ ಮದುವೆ ಸಿಂಧುವಲ್ಲ. ಇನ್ನೊಂದು ಸಭೆಯ ಅಯ್ಯನವರು ಬಂದು ವಾಚನ ಓದಬಹುದು, ಪ್ರಾರ್ಥಿಸಬಹುದು, ಆಶೀರ್ವದಿಸಬಹುದು. ಅಷ್ಟು ಮಾಡಿದರೆ ಎರಡೂ ಕುಟುಂಬಕ್ಕೆ ಸಾಕಾಗುತ್ತದೆ.

---

ಲೆಕ್ಕದ_ಅಕ್ಕ ಉತ್ತರಿಸಿದ್ದು:

ಮೇಲಿನವರು ಮನಸ್ಸಿನ ಬಗ್ಗೆ ಹೇಳಿದರು. ನಾನು ಪಾಸ್‌ಬುಕ್ಕಿನ ಬಗ್ಗೆ ಹೇಳುತ್ತೇನೆ, ಮನಸ್ಸು ಎಲ್ಲಿದೆ ಎಂದು ಅದರಲ್ಲೂ ಗೊತ್ತಾಗುತ್ತದೆ.

ಮದುವೆಗೆ ಕನಿಷ್ಠ ಎರಡು ತಿಂಗಳ ಮುಂಚೆ ಒಂದು ಸಂಜೆ ಇಬ್ಬರೇ ಕೂತು ಒಂದು ಪಟ್ಟಿ ಮಾಡಿ. ಸಂಬಳ ಕೈಗೆ ಬರುವಷ್ಟು, ಗೃಹಸಾಲ, ಚಿನ್ನದ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ, ಓದಿನ ಸಾಲ, ಕೈಸಾಲ, ಕಟ್ಟುತ್ತಿರುವ ಚೀಟಿ, ಬೇರೆಯವರ ಸಾಲಕ್ಕೆ ಹಾಕಿರುವ ಜಾಮೀನು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಸಂಘದಲ್ಲಿ ಭಾವನಿಗೆ ಜಾಮೀನು ನಿಂತದ್ದು ಮೂರು ವರ್ಷದ ಮೇಲೆ ನೋಟಿಸಾಗಿ ಮನೆಗೆ ಬರುತ್ತದೆ. ಬಾಯಿಮಾತು ಸಾಲದಿದ್ದರೆ ಇಬ್ಬರೂ ತಮ್ಮ ಕ್ರೆಡಿಟ್ ವರದಿ ತೆಗೆದು ತೋರಿಸಿಕೊಳ್ಳಿ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಕೇಳುವುದು ಅನುಮಾನ ಅಂದುಕೊಳ್ಳಬೇಡಿ. ಇಬ್ಬರೂ ತೋರಿಸಿದರೆ ಅದು ಅನುಮಾನ ಆಗುವುದಿಲ್ಲ.

ಖಾತೆಗಳಿಗೆ ನನಗೆ ಕಂಡ ಸರಳ ಏರ್ಪಾಟು ಮೂರು ಖಾತೆ: ಮನೆಗೆ ಒಂದು ಜಂಟಿ ಖಾತೆ, ‘ಈದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರು ಬೇಕಾದರೂ, ಒಬ್ಬರು ಹೋದರೆ ಉಳಿದವರು ನಡೆಸುವಂಥದ್ದು) ಎಂದು ತೆರೆದದ್ದು, ಮತ್ತು ಇಬ್ಬರಿಗೂ ಒಂದೊಂದು ಸ್ವಂತದ್ದು. ಮನೆ ಖರ್ಚನ್ನು ಅರ್ಧರ್ಧ ಮಾಡಬೇಡಿ, ಸಂಬಳದ ಪ್ರಮಾಣದಲ್ಲಿ ಹಾಕಿ. ಒಬ್ಬರಿಗೆ 60,000, ಇನ್ನೊಬ್ಬರಿಗೆ 40,000 ಬರುತ್ತಿದ್ದು ಮನೆಗೆ 50,000 ಬೇಕಿದ್ದರೆ, 30,000 ಮತ್ತು 20,000. ಅರ್ಧರ್ಧ ಅಂದರೆ ಕಡಿಮೆ ಸಂಬಳದವರಿಗೆ ಉಳಿಯುವುದು 15,000, ಇನ್ನೊಬ್ಬರಿಗೆ 35,000. ಆರು ತಿಂಗಳಲ್ಲಿ ಒಂದೇ ಮನೆಯಲ್ಲಿ ಒಬ್ಬರು ಸಾಹುಕಾರ, ಒಬ್ಬರು ಬಡವರು. ಇಷ್ಟು ಮೊತ್ತದ ಮೇಲಿನ ಖರ್ಚಿಗೆ ಮೊದಲು ಕೇಳಬೇಕು ಎಂದು ಒಂದು ಗೆರೆ ಹಾಕಿಕೊಳ್ಳಿ. 5,000 ಇರಲಿ, 10,000 ಇರಲಿ, ಗೆರೆ ಇಬ್ಬರಿಗೂ ಒಂದೇ.

ತಮ್ಮನ ಓದಿನ ವಿಷಯ. ಅದರಲ್ಲಿ ತಪ್ಪೇನಿಲ್ಲ, ಹೆಣ್ಣುಮಕ್ಕಳು ಮನೆಗೆ ಕೊಡುವುದು ಹೊಸದೂ ಅಲ್ಲ. ಆದರೆ ಮೂರು ಸಂಗತಿ ಬರೆದಿಡಿ: ತಿಂಗಳಿಗೆ ಎಷ್ಟು, ಯಾವ ತಿಂಗಳವರೆಗೆ, ಮಧ್ಯೆ ಒಬ್ಬರ ಕೆಲಸ ಹೋದರೆ ಏನು. ಜಗಳ ಹುಟ್ಟುವುದು ಕೊಟ್ಟಿದ್ದಕ್ಕಲ್ಲ. ‘ಓದು ಮುಗಿಯುವವರೆಗೆ’ ಎಂದದ್ದು ‘ಕೆಲಸ ಸಿಗುವವರೆಗೆ’ ಆಗಿ, ಅದು ‘ಅವನ ಮದುವೆಯವರೆಗೆ’ ಆಗುವುದಕ್ಕೆ. ಗಂಡನ ಕಡೆಯ ಕೊಡುಗೆಯೂ ಅದೇ ಹಾಳೆಯಲ್ಲಿ ಇರಲಿ. ಅತ್ತೆ ಮಾವನಿಗೆ ಹೋಗುವುದು ಕರ್ತವ್ಯ, ಅಪ್ಪ ಅಮ್ಮನಿಗೆ ಹೋಗುವುದು ಸಹಾಯ ಎಂಬ ಎರಡು ತಕ್ಕಡಿ ನಮ್ಮ ಕ್ರೈಸ್ತ ಮನೆಗಳಲ್ಲೂ ಚೆನ್ನಾಗಿಯೇ ಇದೆ. ಆದಿಕಾಂಡ 2:24ರಲ್ಲಿ ತಂದೆ ತಾಯಿಯನ್ನು ಬಿಟ್ಟು ಬರುವವನು ಗಂಡಸು ಎಂದಿರುವುದನ್ನು ಶಿಬಿರದಲ್ಲಿ ಯಾರಾದರೂ ಗಟ್ಟಿಯಾಗಿ ಓದಲಿ. ನಿಯಮ ಒಂದೇ: ಅವರವರ ತಂದೆ ತಾಯಿಗೆ ಅಹಿತವಾದ ಮಾತನ್ನು ಅವರವರೇ ಹೇಳಬೇಕು. ಸೊಸೆಯ ಬಾಯಲ್ಲಿ ಹೇಳಿಸಬಾರದು.

ಮಾತುಕತೆಗೆ ಮ್ಯಾರೇಜ್ ಎನ್‌ಕೌಂಟರ್‌ನವರ ‘ಹತ್ತು-ಹತ್ತು’ ವಿಧಾನ ತುಂಬ ಉಪಯೋಗದ್ದು. ಸ್ಪೇನಿನ ಫಾದರ್ ಗೇಬ್ರಿಯಲ್ ಕಾಲ್ವೊ ಶುರು ಮಾಡಿದ, ದಂಪತಿಗಳಿಗಾಗಿ ಇರುವ ಆಂದೋಲನ ಅದು, ಭಾರತದಲ್ಲೂ ನಡೆಯುತ್ತದೆ. ಒಂದು ಪ್ರಶ್ನೆ ಆರಿಸಿ, ಇಬ್ಬರೂ ಹತ್ತು ನಿಮಿಷ ಪತ್ರದಂತೆ ಬರೆಯಿರಿ, ಪುಸ್ತಕ ಬದಲಾಯಿಸಿಕೊಂಡು ಓದಿ, ಆಮೇಲೆ ಹತ್ತು ನಿಮಿಷ ಮಾತಾಡಿ. ಬರೆಯಬೇಕಾದ್ದು ತನಗೆ ಏನನ್ನಿಸಿತು ಎಂಬುದನ್ನು. ಇನ್ನೊಬ್ಬರು ಏನು ತಪ್ಪು ಮಾಡಿದರು ಎಂದು ಬರೆಯತೊಡಗಿದರೆ ಅದು ಚಾರ್ಜ್‌ಶೀಟ್ ಆಗುತ್ತದೆ. ಹತ್ತು ನಿಮಿಷ ಆದಮೇಲೆ ನಿಲ್ಲಿಸಿ. ಹನ್ನೊಂದನೇ ನಿಮಿಷದಲ್ಲಿ ಹಳೆಯ ಕಡತಗಳು ಬಿಚ್ಚಿಕೊಳ್ಳುತ್ತವೆ.

ಫೋನ್ ಪಾಸ್‌ವರ್ಡ್ ಕೊಟ್ಟರೇನೇ ಪೂರ್ಣ ಮನಸ್ಸು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಹಾಗಲ್ಲ. ಇಬ್ಬರಿಗೂ ಗೊತ್ತಿದ್ದರೆ ಒಳ್ಳೆಯದು, ಅಪಘಾತವಾದಾಗ ಬೇಕಾಗುತ್ತದೆ. ದಿನಾ ರಾತ್ರಿ ತೆಗೆದು ನೋಡುವುದು ಕಾವಲು.

---

ವಕಾಲತ್ತು ಉತ್ತರಿಸಿದ್ದು:

ಸಿವಿಲ್ ಕಾನೂನಿನ ಕಡೆ ಕೆಲವು ಬಿಟ್ಟುಹೋಗಿವೆ, ಚುಟುಕಾಗಿ ಹೇಳುತ್ತೇನೆ.

ಮದುವೆಗೆ ಮುಂಚೆ ಉಯಿಲು ಬರೆದಿದ್ದರೆ ಮದುವೆಯಾದ ಕೂಡಲೇ ಅದು ರದ್ದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 69ನೇ ಕಲಂ, ಕ್ರೈಸ್ತರಿಗೆ ಅನ್ವಯಿಸುತ್ತದೆ. ಮರುಮದುವೆಯಾಗುವ ವಿಧುರರು, ವಿಧವೆಯರು ಇದನ್ನು ಮುಖ್ಯವಾಗಿ ಗಮನಿಸಬೇಕು, ಮೊದಲ ಮದುವೆಯ ಮಕ್ಕಳಿಗೆಂದು ಬರೆದ ಉಯಿಲು ಹಾರಿಹೋಗುತ್ತದೆ. ಹೊಸದು ಬರೆಯಬೇಕು. ಉಯಿಲಿಲ್ಲದೆ ತೀರಿಕೊಂಡರೆ, ಮಕ್ಕಳಿದ್ದಲ್ಲಿ ಹೆಂಡತಿ ಅಥವಾ ಗಂಡನಿಗೆ ಮೂರನೇ ಒಂದು, ಮಕ್ಕಳಿಗೆ ಮೂರನೇ ಎರಡು. ಮಕ್ಕಳಿಲ್ಲದೆ ಬಂಧುಗಳಿದ್ದರೆ ಅರ್ಧ. ಮನೆಯಲ್ಲಿ ‘ಎಲ್ಲ ಹೆಂಡತಿಗೇ’ ಅಂದುಕೊಂಡಿರುವವರಿಗೆ ಇದು ಆಘಾತ. ಅವಿವಾಹಿತರಾಗಿದ್ದಾಗ ಪಿಎಫ್‌ಗೆ ಅಪ್ಪ ಅಮ್ಮನನ್ನು ನಾಮಿನಿ ಮಾಡಿದ್ದರೆ ಮದುವೆಯಾದ ಮೇಲೆ ಹೊಸ ನಾಮಿನೇಷನ್ ಹಾಕಬೇಕು. ವಿಮೆ, ಬ್ಯಾಂಕ್ ಎಲ್ಲದರಲ್ಲೂ ಒಮ್ಮೆ ನೋಡಿ.

‘ಹಿಂದೆ ರಿಜಿಸ್ಟರ್ ಮದುವೆ ಆಗಿತ್ತು, ಚರ್ಚಿನಲ್ಲಿ ಆಗಿರಲಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ’ ಎನ್ನುವುದು ದೊಡ್ಡ ಗುಂಡಿ. ಚರ್ಚ್ ಅದನ್ನು ಎಣಿಸದೆ ಇರಬಹುದು, ಸರ್ಕಾರ ಎಣಿಸುತ್ತದೆ. ಕೋರ್ಟಿನ ವಿಚ್ಛೇದನ ಇಲ್ಲದೆ ಮತ್ತೊಂದು ಮದುವೆಯಾದರೆ ದ್ವಿಪತ್ನಿತ್ವದ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ. ಉಲ್ಟಾ ಕೂಡ ಹಾಗೇ: ಧರ್ಮಪ್ರಾಂತ್ಯದ ನ್ಯಾಯಮಂಡಳಿ ಅಸಿಂಧು ಎಂದು ಕೊಟ್ಟ ತೀರ್ಪಿಗೆ ಸಿವಿಲ್ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಹೇಳಿದೆ. ಎರಡು ಕಡೆಯೂ ಬೇರೆ ಬೇರೆ ತೀರ್ಪು ಬೇಕು.

ಮೋಸ ಅಥವಾ ಬಲವಂತದಿಂದ ಪಡೆದ ಒಪ್ಪಿಗೆಯ ಮದುವೆಯನ್ನು ಕೋರ್ಟ್ ಕೂಡ ಅಸಿಂಧು ಮಾಡಬಹುದು (1869ರ ವಿಚ್ಛೇದನ ಕಾಯ್ದೆ, 19ನೇ ಕಲಂ). ವಿಚಾರಣೆಯ ನಮೂನೆಯಲ್ಲಿ ಏನು ಬರೆದಿದ್ದರು ಎನ್ನುವುದು ಆಗ ಸಾಕ್ಷ್ಯವಾಗಬಹುದು. ಆದ್ದರಿಂದ ಅದನ್ನು ಕಾಟಾಚಾರಕ್ಕೆ ತುಂಬಬೇಡಿ. ವರದಕ್ಷಿಣೆ ನಿಷೇಧ ಕಾಯ್ದೆ, 1961, ಕ್ರೈಸ್ತರಿಗೂ ಇದೆ. ‘ಹುಡುಗಿಗೆ ಹಾಕಿದ್ದು’ ಎಂಬ ಹೆಸರಿನಲ್ಲಿ ಹುಡುಗನ ಕಡೆಯವರು ಗ್ರಾಂ ಲೆಕ್ಕ ಕೇಳಿದರೆ ಅದು ಬೇಡಿಕೆಯೇ.

---

ಶಿಬಿರದ_ಟಿಪ್ಪಣಿ:

ಎಲ್ಲರಿಗೂ ವಂದನೆ, ಕೈಪಿಡಿಯ ಪುಟ ಹೆಚ್ಚಿಸಬೇಕಾಗುತ್ತದೆ. ಎರಡು ಕೇಳುವುದು ಉಳಿದಿದೆ. ಏನೇನು ಮುಚ್ಚಿಟ್ಟರೆ ಸಮ್ಮತಿಗೆ ಧಕ್ಕೆ? ಮತ್ತೆ ಇನ್ನೊಂದು ಚೀಟಿ ಹೀಗಿದೆ: “ಪೂರ್ಣ ಮನಸ್ಸಿನಿಂದ ಒಪ್ಪಿ ಮದುವೆಯಾದ ಮೇಲೆ ಗಂಡ ಹೊಡೆದರೆ ಬಿಟ್ಟು ಬರುವುದು ಪ್ರಮಾಣ ಮುರಿದಂತೆಯೇ?”

---

ಕ್ಯಾನನ್_1057:

ಎರಡನೆಯದು ಮೊದಲು. ಅಲ್ಲ, ಮುರಿದಂತಲ್ಲ. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ, ತನಗಾಗಲಿ ಮಕ್ಕಳಿಗಾಗಲಿ, ಬೇರೆ ಹೋಗಲು ನ್ಯಾಯವಾದ ಕಾರಣವಿದೆ ಎನ್ನುತ್ತದೆ ಕ್ಯಾನನ್ 1153. ಸಾಮಾನ್ಯವಾಗಿ ಧರ್ಮಾಧ್ಯಕ್ಷರ ಆದೇಶ ಬೇಕು, ಆದರೆ ತಡಮಾಡಿದರೆ ಅಪಾಯ ಎಂದಿದ್ದಲ್ಲಿ ತಾನೇ ನಿರ್ಧರಿಸಿ ಹೊರಡಬಹುದು ಎಂದು ಅದೇ ಕ್ಯಾನನ್ನಿನಲ್ಲಿದೆ. ಬೇರೆ ಇರುವುದರಿಂದ ವಿವಾಹ ಬಂಧ ಕಡಿಯುವುದಿಲ್ಲ. ಪರಮಪ್ರಸಾದ (ಕಮ್ಯುನಿಯನ್) ಸ್ವೀಕರಿಸುವುದಕ್ಕೂ ಅದೊಂದೇ ಕಾರಣಕ್ಕೆ ಅಡ್ಡಿಯಿಲ್ಲ. ‘ಸಹಿಸಿಕೋ ಮಗಳೇ, ನೀನು ಪ್ರಮಾಣ ಮಾಡಿದ್ದೀಯ’ ಎನ್ನುವ ಹಿರಿಯರು ಯಾವ ಪ್ರಮಾಣದ ಬಗ್ಗೆ ಮಾತಾಡುತ್ತಿದ್ದಾರೋ ನನಗೆ ತಿಳಿಯದು. ಅದೇ ಪೀಠದ ಮುಂದೆ ಹೊಡೆಯುವವನೂ ಪ್ರಮಾಣ ಮಾಡಿದ್ದ.

ಮುಚ್ಚಿಡುವುದಕ್ಕೆ ಕ್ಯಾನನ್ 1098. ಸಮ್ಮತಿ ಪಡೆಯಲೆಂದೇ, ದಾಂಪತ್ಯವನ್ನು ಗಂಭೀರವಾಗಿ ಕೆಡಿಸಬಲ್ಲ ಒಂದು ಗುಣ ಅಥವಾ ಸ್ಥಿತಿಯ ಬಗ್ಗೆ ವಂಚಿಸಿದರೆ ಮದುವೆ ಅಸಿಂಧು. ಪೋಪ್ ಫ್ರಾನ್ಸಿಸ್ 2015ರಲ್ಲಿ ವಿವಾಹ ಪ್ರಕರಣಗಳ ವಿಚಾರಣಾ ಕ್ರಮವನ್ನು ಬದಲಿಸಿದಾಗ (ಆ ವರ್ಷ ಡಿಸೆಂಬರ್ 8ರಿಂದ ಜಾರಿ), ಚುರುಕು ವಿಚಾರಣೆಗೆ ದಾರಿ ಮಾಡಬಲ್ಲ ಸಂದರ್ಭಗಳ ಉದಾಹರಣೆ ಕೊಟ್ಟರು: ಬಂಜೆತನ, ಗಂಭೀರ ಸೋಂಕು ರೋಗ, ಹಿಂದಿನ ಸಂಬಂಧದ ಮಕ್ಕಳು, ಜೈಲುವಾಸ ಇವನ್ನು ವಂಚನೆಯಿಂದ ಮುಚ್ಚಿಟ್ಟಿರುವುದು. ಮದುವೆಯ ಹೊತ್ತಿನಲ್ಲೂ ಬೇರೆ ಸಂಬಂಧವನ್ನು ಬಿಡದೆ ಮುಂದುವರಿಸಿರುವುದು ಕೂಡ. ನೆನಪಿಡಿ, ಇವು ಸಿಕ್ಕರೆ ಸಾಕು ಅಸಿಂಧು ಎಂದಲ್ಲ. ಸಮ್ಮತಿಯ ದೋಷವನ್ನು ಇವು ಬೇಗ ತೋರಿಸಿಕೊಡಬಹುದು, ಅಷ್ಟೇ. ಬಂಜೆತನ ಇದ್ದ ಮಾತ್ರಕ್ಕೆ ಮದುವೆಗೆ ತಡೆಯಿಲ್ಲ, ಮುಚ್ಚಿಟ್ಟು ವಂಚಿಸಿದ್ದೇ ದೋಷ. ಮಾನಸಿಕ ಆರೋಗ್ಯದ ಮಾತ್ರೆ ನುಂಗುವವರಿಗೂ ಇದೇ ಸಲಹೆ: ಮಾತ್ರೆ ನಿಲ್ಲಿಸಿ ಮದುವೆಯ ದಿನ ಚೆನ್ನಾಗಿ ಕಾಣಿಸಿಕೊಳ್ಳಲು ಹೋಗಬೇಡಿ, ಹೇಳಿ. ಮನೆಯವರು ಮಾತ್ರೆ ನಿಲ್ಲಿಸಿದ್ದರಿಂದ ಮದುವೆಯ ಮೂರನೇ ವಾರಕ್ಕೆ ಕಾಯಿಲೆ ಉಲ್ಬಣಿಸುವ ಪ್ರಕರಣಗಳು ಬರುತ್ತವೆ.

---

ವಕಾಲತ್ತು:

ಹೊಡೆತದ ವಿಷಯಕ್ಕೆ ಒಂದು ಸೇರ್ಪಡೆ: 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ವಿಚ್ಛೇದನ ಕೇಳದೆಯೇ ರಕ್ಷಣಾ ಆದೇಶ, ಅದೇ ಮನೆಯಲ್ಲಿ ವಾಸದ ಹಕ್ಕು, ಖರ್ಚಿನ ಹಣ ಕೇಳಬಹುದು. ವಿಚ್ಛೇದನ ಬೇಡ ಎನ್ನುವ ಕಥೊಲಿಕ್ ಹೆಣ್ಣುಮಕ್ಕಳಿಗೆ ಈ ದಾರಿ ಇದೆ ಎಂದೇ ಗೊತ್ತಿರುವುದಿಲ್ಲ. ತಾಲ್ಲೂಕಿನ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, ಅಥವಾ 181ಕ್ಕೆ ಕರೆ ಮಾಡಬಹುದು. ಕೈಪಿಡಿಯ ಹಿಂಬದಿ ರಟ್ಟಿನ ಮೇಲೆ ನಂಬರ್ ಅಚ್ಚು ಹಾಕಿಸಿ.

---

ಗಲ್ಫ್_ಕಾಗದ:

ಒಂದು ಉಪಪ್ರಶ್ನೆ. ವರ ದುಬೈಯಲ್ಲಿದ್ದು ಮದುವೆಗೆ ಹತ್ತು ದಿನ ಮೊದಲಷ್ಟೇ ಬಂದರೆ ವಿಚಾರಣೆ ಯಾವಾಗ ಮಾಡುವುದು? ಕಾರ್ಡ್‌ಗೆ ಮೊದಲು ಅಂದಿರಿ.

---

ಕ್ಯಾನನ್_1057:

ಅಲ್ಲೇ ಮಾಡಿಸಿ. ಅವರು ಈಗ ವಾಸವಿರುವ ಧರ್ಮಕೇಂದ್ರದ ಗುರುಗಳು ವಿಚಾರಣೆ ನಡೆಸಿ, ಅಲ್ಲಿದ್ದ ಅವಧಿಗೆ ಮದುವೆಯಾಗಿಲ್ಲ ಎಂಬ ಸ್ವತಂತ್ರ ಸ್ಥಿತಿಯ ಪತ್ರದ ಜೊತೆ ಕಡತವನ್ನು ತಮ್ಮ ಧರ್ಮಪ್ರಾಂತ್ಯದ ಕಚೇರಿಯ ಮೂಲಕ ಇಲ್ಲಿನ ಧರ್ಮಪ್ರಾಂತ್ಯಕ್ಕೆ ಕಳಿಸುತ್ತಾರೆ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಆಗುವುದಿಲ್ಲ, ಮೊಹರಿರುವ ಮೂಲ ಪ್ರತಿ ಬೇಕು. ಜ್ಞಾನಸ್ನಾನದ ಪತ್ರ ಮಾತ್ರ ಊರಿನ ಧರ್ಮಕೇಂದ್ರದ್ದು, ಅದನ್ನು ಮನೆಯವರು ಇಲ್ಲಿಂದ ತೆಗೆಸಬಹುದು. ನಾಲ್ಕೈದು ದೇಶ ಸುತ್ತಿ ಕೆಲಸ ಮಾಡಿದವರಿಗೆ ಪ್ರತಿ ಊರಿನಿಂದಲೂ ಸ್ವತಂತ್ರ ಸ್ಥಿತಿಯ ಪತ್ರ ಕೇಳುವುದುಂಟು. ಸಿಗದಿದ್ದಲ್ಲಿ ಅವರನ್ನು ಆ ಅವಧಿಯಲ್ಲಿ ಬಲ್ಲ ಇಬ್ಬರು ಸಾಕ್ಷಿಗಳ ಪ್ರಮಾಣಿತ ಹೇಳಿಕೆ ಸಾಕೇ ಎಂದು ನಿಮ್ಮ ಧರ್ಮಪ್ರಾಂತ್ಯದ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಟಿಕೆಟ್ ಬುಕ್ ಮಾಡುವ ದಿನವೇ ಈ ಕೆಲಸ ಶುರುವಾಗಲಿ.

---

ಲೆಕ್ಕದ_ಅಕ್ಕ:

ಹತ್ತು ದಿನಕ್ಕೆ ಬರುವ ವರನ ಜೊತೆ ಸಾಲದ ಪಟ್ಟಿಯ ಸಂಜೆಯನ್ನು ವಿಡಿಯೊ ಕರೆಯಲ್ಲಾದರೂ ಮಾಡಿ, ದಯವಿಟ್ಟು. ಬಂದಮೇಲೆ ಆ ಹತ್ತು ದಿನದಲ್ಲಿ ಸೂಟಿನ ಅಳತೆ, ಸಾಡೊ (ವಧುವಿನ ಮದುವೆ ಸೀರೆ), ನೆಂಟರು ಇವುಗಳ ಮಧ್ಯೆ ಇಬ್ಬರೇ ಕೂರಲು ಯಾರೂ ಬಿಡುವುದಿಲ್ಲ. ಮತ್ತೆ ಮದುವೆಯಾಗಿ ಅವರು ಒಬ್ಬರೇ ವಾಪಸ್ ಹೋಗುವುದಾದರೆ, ಹೆಂಡತಿಯ ವೀಸಾ ಯಾವ ತಿಂಗಳು, ಅಲ್ಲಿಯವರೆಗೆ ಅವಳು ಯಾವ ಮನೆಯಲ್ಲಿ, ಮನೆ ಖರ್ಚಿನ ಹಣ ಯಾರ ಖಾತೆಗೆ ಬರುತ್ತದೆ ಎಂದು ನಿಶ್ಚಿತಾರ್ಥಕ್ಕೆ ಮೊದಲೇ ಕೇಳಿಬಿಡಿ. ಹಣ ಅತ್ತೆಯ ಖಾತೆಗೆ ಬಂದು ಸೊಸೆ ಬಸ್ ಚಾರ್ಜಿಗೆ ಕೈಚಾಚುವ ಏರ್ಪಾಟನ್ನು ಒಪ್ಪಬೇಡಿ. 1 ಕೊರಿಂಥ 7:5ರಲ್ಲಿ ಪೌಲನು ಗಂಡ ಹೆಂಡತಿ ಅಗಲಿರುವುದಕ್ಕೆ ಇಬ್ಬರ ಒಪ್ಪಿಗೆ ಬೇಕು, ಅದೂ ಸ್ವಲ್ಪ ಕಾಲ ಮಾತ್ರ ಎನ್ನುತ್ತಾನೆ. ‘ಸ್ವಲ್ಪ ಕಾಲ’ ಎಂದರೆ ಎಷ್ಟು ತಿಂಗಳು ಎಂದು ಇಬ್ಬರೂ ಒಂದು ಸಂಖ್ಯೆ ಬರೆದುಕೊಳ್ಳಿ.